ಹುಲ್ಲು, ಇದ್ದಿಲು, ಕಾಕಂಬಿ

ಪಾಂಡವಪುರ ತಾಲ್ಲೂಕಿನ ಬೇಬಿ ಬೆಟ್ಟದ ತಪ್ಪಲಲ್ಲಿ ನಡೆಯುವ ದನಗಳ ಜಾತ್ರೆಗೆ ಇವತ್ತಿಗೂ ಹಳ್ಳಿಕಾರ್ ಎತ್ತಿನ ಜೋಡಿಗಳು ಸಿಂಗಾರವಾಗಿ ಬರುತ್ತವೆ. ಚಪ್ಪರ ಹಾಕಿ, ವಾದ್ಯದೊಂದಿಗೆ ಮೆರವಣಿಗೆಯಲ್ಲಿ ಕರೆತರುವವರಿದ್ದಾರೆ. ಒಂದು ಜೋಡಿಗೆ ಲಕ್ಷಗಟ್ಟಲೆ ಬೆಲೆ ಹೇಳುವವರಿದ್ದಾರೆ. ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯಲ್ಲೂ ಅಷ್ಟೇ. ಟ್ರ್ಯಾಕ್ಟರ್ ಬಂದು ತಲೆಮಾರುಗಳೇ ಕಳೆದರೂ ಈ ಜಾತ್ರೆಗಳ ಗತ್ತು ಇಳಿದಿಲ್ಲ. ಈ ಸೀಮೆಯಲ್ಲಿ ಗಾಡಿ, ಬಸ್ಸು, ರೈಲು ಏನನ್ನು ತಿಂದು ಓಡಿದವು ಎಂಬ ಚರಿತ್ರೆಯನ್ನು ಪೆಟ್ರೋಲ್ ಬಂಕಿನಿಂದ ಶುರು ಮಾಡಿದರೆ ಅರ್ಧ ಕಥೆಯಷ್ಟೇ ಸಿಗುತ್ತದೆ. ಶುರು ಮಾಡಬೇಕಾದ್ದು ಹುಲ್ಲಿನ ಮೆದೆಯಿಂದ.

ಶ್ರೀರಂಗಪಟ್ಟಣದ ಅರಸರಿಗೆ ಇದು ಚೆನ್ನಾಗಿ ಗೊತ್ತಿತ್ತು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಹೆಸರಿನಲ್ಲಿ ಹಾಲು ಬೆಣ್ಣೆಯಿದ್ದರೂ ಅದರ ನಿಜವಾದ ಕೆಲಸ ಫಿರಂಗಿ ಎಳೆಯುವ, ದಂಡಿನ ಸಾಮಾನು ಹೊರುವ ಎತ್ತುಗಳನ್ನು ಬೆಳೆಸುವುದು. ಹೈದರಾಲಿ ಚಿದಂಬರದತ್ತ ಧಾವಿಸಿದಾಗ ಈ ತಳಿಯ ಎತ್ತುಗಳ ಬಲದಿಂದ ಎರಡೂವರೆ ದಿನದಲ್ಲಿ ನೂರು ಮೈಲಿ ದಾಟಿದನೆಂದು ಚರಿತ್ರೆಕಾರರು ಬರೆದಿದ್ದಾರೆ. ಈ ವೇಗಕ್ಕೆ ಬೇಕಾದ ಇಂಧನ ಸಂಸ್ಥಾನದ ತುಂಬ ಹರಡಿದ್ದ ಕಾವಲುಗಳಲ್ಲಿ ಬೆಳೆಯುತ್ತಿತ್ತು. ಕಾವಲೆಂದರೆ ದನ ಮೇಯಲೆಂದೇ ಕಾದಿರಿಸಿದ ಹುಲ್ಲುಗಾವಲು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಈ ವ್ಯವಸ್ಥೆಯನ್ನು ಕಿತ್ತುಹಾಕಲಿಲ್ಲ. ತಮ್ಮ ಸೈನ್ಯಕ್ಕೂ ಅದು ಬೇಕೆಂದು ಉಳಿಸಿಕೊಂಡರು.

ರೈತನ ಗಾಡಿಯ ಲೆಕ್ಕಾಚಾರವೂ ಇಂಧನದ್ದೇ. ಎತ್ತು ತಿನ್ನುವುದು ರಾಗಿಹುಲ್ಲು, ನೆಲ್ಲುಹುಲ್ಲು, ದುಡಿಮೆಯ ದಿನಗಳಲ್ಲಿ ಬೇಯಿಸಿದ ಹುರುಳಿ. ಗಾಡಿ ಹಗುರಾಗಿ ಉರುಳಿದಷ್ಟೂ ಎತ್ತು ಉಳಿಯುತ್ತದೆ. ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಟ್ಟುವ ದಿನ ಕುಲುಮೆಯ ಮುಂದೆ ಜನ ಸೇರುತ್ತಿದ್ದುದು ಸುಮ್ಮನೆ ಅಲ್ಲ. ಚಕ್ರಕ್ಕಿಂತ ತುಸು ಚಿಕ್ಕದಾಗಿ ಮಾಡಿದ ಪಟ್ಟಿಯನ್ನು ಕುರುಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದ ಗಳಿಗೆಯಲ್ಲಿ ಚಕ್ರಕ್ಕೆ ಇಳಿಬಿಟ್ಟು, ಕೂಡಲೇ ನೀರು ಹೊಯ್ಯಬೇಕು. ತಣಿದು ಕುಗ್ಗಿದ ಪಟ್ಟಿ ಮರವನ್ನು ಬಿಗಿಯಾಗಿ ಅಪ್ಪುತ್ತದೆ. ಇನ್ನು ಅಚ್ಚಿಗೆ ಕೀಲೆಣ್ಣೆ. ಹರಳೆಣ್ಣೆಗೆ ಹುಲ್ಲು ಸುಟ್ಟ ಮಸಿ ಕಲಸಿ ಮಾಡಿದ ಈ ಕಪ್ಪು ಜಿಡ್ಡು ಗಾಡಿಗೆ ನೇತುಹಾಕಿದ ಬಿದಿರಿನ ಗೊಟ್ಟದಲ್ಲಿ ಯಾವಾಗಲೂ ಇರುತ್ತಿತ್ತು. ಕೀಲೆಣ್ಣೆ ಆರಿದ ಗಾಡಿ ಕಿರುಗುಟ್ಟಿದರೆ ಹಿರಿಯರು ಗಾಡಿ ಹೊಡೆಯುವವನಿಗೇ ಬೈಯುತ್ತಿದ್ದರು.

ಗಾಳಿ ತುಂಬಿದ ರಬ್ಬರ್ ಚಕ್ರದ ಡನ್ಲಪ್ ಗಾಡಿ ಬಂದದ್ದು ದೊಡ್ಡ ಬದಲಾವಣೆ. ಅದೇ ಎತ್ತು, ಅದೇ ಮೇವು, ಆದರೆ ಎಳೆಯುವ ಹೊರೆ ಹೆಚ್ಚು. ಗದ್ದೆಯಿಂದ ಕಾರ್ಖಾನೆಗೆ ಕಬ್ಬು ಸಾಗಿಸಿದ್ದು ಈ ಗಾಡಿಗಳೇ. ಬೆಂಗಳೂರಿನ ಭಾರತೀಯ ನಿರ್ವಹಣಾ ಸಂಸ್ಥೆಯ ಮೊದಲ ನಿರ್ದೇಶಕ ಎನ್.ಎಸ್. ರಾಮಸ್ವಾಮಿ ಎತ್ತಿನ ಗಾಡಿಯನ್ನು ದೇಶದ ಇಂಧನ ಲೆಕ್ಕಕ್ಕೆ ಸೇರಿಸಬೇಕೆಂದು ಎಪ್ಪತ್ತರ ದಶಕದಿಂದ ಹೇಳುತ್ತ ಬಂದರು. ಉತ್ತಮ ನೊಗ, ಹಗುರ ಚಕ್ರ, ಸರಿಯಾದ ಬೇರಿಂಗ್ ಕೊಟ್ಟರೆ ಪ್ರಾಣಿಗೂ ನೋವು ಕಡಿಮೆ, ದೇಶಕ್ಕೂ ಡೀಸೆಲ್ ಉಳಿತಾಯ ಎಂಬುದು ಅವರ ವಾದ. ಆ ಮಾತಿಗೆ ಸಿಗಬೇಕಾದ ಬೆಲೆ ಸಿಗಲಿಲ್ಲ. ಕಾರಿನ ಎಂಜಿನ್ನಿಗೆ ಸಿಕ್ಕ ಸಂಶೋಧನೆಯ ಒಂದು ಪಾಲು ನೊಗಕ್ಕೆ ಸಿಕ್ಕಿದ್ದರೆ ಎಷ್ಟೋ ಜೋಡಿಗಳ ಹೆಗಲು ಹುಣ್ಣಾಗುತ್ತಿರಲಿಲ್ಲ.

1881–82ರಲ್ಲಿ ಬೆಂಗಳೂರು–ಮೈಸೂರು ರೈಲು ಮಾರ್ಗ ಈ ಸೀಮೆಯನ್ನು ದಾಟಿತು. ಹಿರೋಡೆ ಎಂಬ ಊರಿನ ಹತ್ತಿರದ ನಿಲ್ದಾಣಕ್ಕೆ ಫ್ರೆಂಚ್ ರಾಕ್ಸ್ ಎಂದು ಹೆಸರು. ಹೈದರ್, ಟಿಪ್ಪುವಿನ ಬಳಿಯಿದ್ದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಬಂಡೆಗಳ ನೆನಪದು. ಪಾಂಡವಪುರವೆಂಬ ಹೆಸರು ಕುಂತಿ ಬೆಟ್ಟದ ಐತಿಹ್ಯದಿಂದ ಮುಂದೆ ಬಂತು. ಉಗಿಬಂಡಿಗೆ ಆಗ ಕಾಡಿನ ಸೌದೆಯೇ ಆಹಾರ.

ಇಲ್ಲಿನ ಇಂಧನ ಚರಿತ್ರೆಯ ದೊಡ್ಡ ತಿರುವು ಬಂದದ್ದು ನೀರಿನಿಂದ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ಕೆಲಸ ಮೂವತ್ತರ ದಶಕದ ಹೊಸ್ತಿಲಲ್ಲಿ ಮುಗಿಯಿತು. ಅದರ ಮೇಲ್ಮಟ್ಟದ ಕಾಲುವೆಗೆ ಆಗ ಇರ್ವಿನ್ ನಾಲೆ ಎಂದು ಹೆಸರು; ಈಗ ವಿಶ್ವೇಶ್ವರಯ್ಯ ನಾಲೆ. ಹುಲಿಕೆರೆಯ ಸುರಂಗವನ್ನು ತೂರಿ ನೀರು ಮಂಡ್ಯದ ಬಯಲಿಗೆ ಬಂತು. ರಾಗಿ, ಹುರುಳಿಯ ನೆಲ ಭತ್ತ, ಕಬ್ಬಿಗೆ ತಿರುಗಿತು. ಬೆಳೆದ ಕಬ್ಬನ್ನು ಆಲೆಮನೆಗಳಷ್ಟೇ ಅರೆದು ಮುಗಿಸಲಾರವೆಂದು ಮನಗಂಡವರು ಕೃಷಿ ಇಲಾಖೆಯ ನಿರ್ದೇಶಕ ಲೆಸ್ಲಿ ಕೋಲ್ಮನ್. 1908ರಲ್ಲಿ ಕೀಟ ಮತ್ತು ಶಿಲೀಂಧ್ರ ಶಾಸ್ತ್ರಜ್ಞರಾಗಿ ಮೈಸೂರಿಗೆ ಬಂದ ಕೆನಡಾದ ಈ ವಿಜ್ಞಾನಿ, ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಬೆಂಬಲದಿಂದ 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯನ್ನು ಮಂಡ್ಯದಲ್ಲಿ ಕಟ್ಟಿ ನಿಲ್ಲಿಸಿದರು. ಮೈಷುಗರ್ ಎಂದೇ ಜನ ಕರೆಯುವ ಕಾರ್ಖಾನೆ ಅದು.

ಸಕ್ಕರೆಯ ಜೊತೆಗೆ ಕಾಕಂಬಿಯೂ ಹುಟ್ಟಿತು. ಒಂದು ಟನ್ ಕಬ್ಬು ಅರೆದರೆ ಸುಮಾರು ನೂರು ಕಿಲೋ ಸಕ್ಕರೆ, ನಲವತ್ತು ನಲವತ್ತೈದು ಕಿಲೋ ಕಾಕಂಬಿ. ಸಕ್ಕರೆ ಮೂಟೆಯಾಗಿ ಹೋಗುತ್ತದೆ. ಈ ಕಪ್ಪು, ದಪ್ಪ, ಅಂಟು ಪಾಕ ಎಲ್ಲಿಗೂ ಹೋಗುವುದಿಲ್ಲ. ಚೆಲ್ಲಿದರೆ ನಾರುತ್ತದೆ, ಹಳ್ಳಕ್ಕೆ ಬಿಟ್ಟರೆ ಮೀನು ಸಾಯುತ್ತವೆ. ಮೂವತ್ತರ ದಶಕದಲ್ಲಿ ಆಮದು ಸುಂಕದ ರಕ್ಷಣೆ ಪಡೆದು ದೇಶದ ತುಂಬ ಸಕ್ಕರೆ ಕಾರ್ಖಾನೆಗಳು ಎದ್ದಾಗ ಕಾಕಂಬಿ ಎಲ್ಲೆಡೆ ತಲೆನೋವಾಯಿತು. ಅದನ್ನು ಹುಳಿಯಿಸಿ, ಬಟ್ಟಿ ಇಳಿಸಿ, ಮದ್ಯಸಾರ ತೆಗೆದು ಪೆಟ್ರೋಲಿಗೆ ಬೆರೆಸುವ ಯೋಚನೆ ಆಗ ಬಂತು. ಹಾಗೆ ಬೆರೆಸುವ ಮದ್ಯಸಾರಕ್ಕೆ ಅಂದಿನವರು ಇಟ್ಟ ಹೆಸರು ಪವರ್ ಆಲ್ಕೋಹಾಲ್. ಭಾರತದಲ್ಲಿ ಅದು ಕಾಗದದಿಂದ ಕಾರ್ಖಾನೆಗೆ ಇಳಿದ ಮೊದಮೊದಲ ಜಾಗಗಳಲ್ಲಿ ಮಂಡ್ಯವೂ ಒಂದು.

ಇದರಲ್ಲಿ ಒಂದು ಸೂಕ್ಷ್ಮವಿದೆ. ಕುಡಿಯುವ ಸಾರಾಯಿಗೆ ನೀರಿದ್ದರೆ ಅಡ್ಡಿಯಿಲ್ಲ, ಎಂಜಿನ್ನಿಗೆ ಅಡ್ಡಿ. ಎಷ್ಟೇ ಬಟ್ಟಿ ಇಳಿಸಿದರೂ ಮದ್ಯಸಾರ ಶೇ 95–96ರಷ್ಟು ಶುದ್ಧವಾಗಿ ಅಲ್ಲಿಗೇ ನಿಲ್ಲುತ್ತದೆ. ಉಳಿದ ನಾಲ್ಕೈದು ಪಾಲು ನೀರು ಅದರೊಡನೆಯೇ ಆವಿಯಾಗಿ, ಅದರೊಡನೆಯೇ ಇಳಿಯುತ್ತದೆ. ಇಷ್ಟು ನೀರಿರುವ ಮದ್ಯಸಾರವನ್ನು ಪೆಟ್ರೋಲಿಗೆ ಸುರಿದರೆ ಎರಡೂ ಬೇರೆಯಾಗಿ ಟ್ಯಾಂಕಿನ ತಳದಲ್ಲಿ ನೀರು ಬೆರೆತ ಪದರವೊಂದು ಕೂರುತ್ತದೆ. ಹಾಗಾಗಿ ಬೆಂಜೀನ್‌ನಂಥ ಮೂರನೆಯ ದ್ರವ ಸೇರಿಸಿ, ಆ ಕೊನೆಯ ನೀರನ್ನು ಹೊರಗೆಳೆಯುವ ಇನ್ನೊಂದು ಸುತ್ತಿನ ಬಟ್ಟಿ ಬೇಕಿತ್ತು. ಈಗ ಈ ಕೆಲಸಕ್ಕೆ ನೀರನ್ನು ಹೀರುವ ಸೂಕ್ಷ್ಮರಂಧ್ರದ ಹರಳುಗಳಿವೆ. ಸಾರಾಯಿ ಭಟ್ಟಿಗೂ ಇಂಧನದ ಭಟ್ಟಿಗೂ ಇರುವ ವ್ಯತ್ಯಾಸ ಈ ನಾಲ್ಕು ಪಾಲು ನೀರು. ಖರ್ಚು ಏರುವುದೂ ಅಲ್ಲೇ.

ಅದೇ ಮೂವತ್ತರ ದಶಕದಲ್ಲಿ ದೂರದ ಬ್ರೆಜಿಲ್ ಕೂಡ ಕಬ್ಬಿನ ಮದ್ಯಸಾರದತ್ತ ತಿರುಗಿತ್ತು. ಆಮದು ಪೆಟ್ರೋಲಿಗೆ ಶೇ 5ರಷ್ಟು ಬೆರೆಸಲೇಬೇಕೆಂದು 1931ರಲ್ಲೇ ಅಲ್ಲಿ ಕಾಯಿದೆ ಬಂತು. ಮಂಡ್ಯವೂ ಬ್ರೆಜಿಲ್ಲೂ ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಹೊರಟವು ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಬಂತು. 1941ರಲ್ಲಿ ಪೆಟ್ರೋಲಿಗೆ ಪಡಿತರ ಶುರುವಾಯಿತು. 1942ರ ಮಾರ್ಚಿನಲ್ಲಿ ರಂಗೂನ್ ಜಪಾನೀಯರ ಕೈಸೇರಿತು. ಹಿಮ್ಮೆಟ್ಟುವ ಬ್ರಿಟಿಷರು ಬರ್ಮಾದ ಎಣ್ಣೆ ಬಾವಿಗಳನ್ನು ತಾವೇ ಹಾಳುಗೆಡವಿದರು. ಇಲ್ಲಿಗೆ ಬರುತ್ತಿದ್ದ ಎಣ್ಣೆಯ ದೊಡ್ಡ ಮೂಲವೊಂದು ಒಮ್ಮೆಲೇ ಬತ್ತಿತು. ಬಸ್ಸುಗಳು ನಿಲ್ಲಬೇಕಿತ್ತು. ನಿಲ್ಲಲಿಲ್ಲ, ಇದ್ದಿಲು ತಿಂದು ಓಡಿದವು.

ಮೈಸೂರು ಸಂಸ್ಥಾನದ ರಸ್ತೆಗಳಲ್ಲಿ ಓಡಿದ ಇದ್ದಿಲು ಬಸ್ಸನ್ನು ಕಂಡವರು ಈಗ ಬಹಳ ವಿರಳ. ಬಸ್ಸಿನ ಹಿಂಭಾಗಕ್ಕೆ ಆಳೆತ್ತರದ ಕಬ್ಬಿಣದ ಉರುಳೆ ಬಿಗಿದಿರುತ್ತಿತ್ತು. ಬೆಳಗಿನ ಜಾವ ಕ್ಲೀನರ್ ಹುಡುಗ ಮೇಲಿನ ಮುಚ್ಚಳ ತೆಗೆದು ಇದ್ದಿಲು ಸುರಿದು, ಕೆಳಗಿನ ಕಿಂಡಿಯಿಂದ ಬೆಂಕಿ ಹಚ್ಚಿ, ಗಾಳಿ ಊದುವ ಯಂತ್ರದ ಹಿಡಿ ತಿರುಗಿಸುತ್ತ ಕೂರಬೇಕು. ಸಾಕಷ್ಟು ಗಾಳಿ ಸಿಗದೆ ಅರೆಬರೆ ಉರಿವ ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಏಳುತ್ತದೆ. ಜೊತೆಗೆ ಒಂದಿಷ್ಟು ಜಲಜನಕ. ಸಣ್ಣ ಕೊಳವೆಯ ಬಾಯಿಗೆ ಕಡ್ಡಿ ಗೀರಿ ನೋಡಿ, ಅನಿಲ ಸರಿಯಾಗಿ ಹೊತ್ತಿ ಉರಿದರೆ ಎಂಜಿನ್ ಚಾಲೂ ಮಾಡಬಹುದು. ಅನಿಲ ತಣಿದು, ಸೋಸುಡಬ್ಬಿಯಲ್ಲಿ ಬೂದಿ ಕಳೆದುಕೊಂಡು ಎಂಜಿನ್ನಿಗೆ ಹೋಗುತ್ತದೆ. ಹುಡುಗನ ಮುಖ ಮಾತ್ರ ಬಸ್ಸು ಹೊರಡುವ ಮುಂಚೆಯೇ ಮಸಿ.

ಪೆಟ್ರೋಲಿನಲ್ಲಿ ಸಿಗುವ ಶಕ್ತಿಯ ಅರ್ಧಕ್ಕಿಂತ ಕೊಂಚ ಹೆಚ್ಚು ಸಿಕ್ಕರೆ ಪುಣ್ಯ. ಜಕ್ಕನಹಳ್ಳಿ ಕಳೆದು ಮೇಲುಕೋಟೆಗೆ ಹತ್ತುವಂಥ ಏರುದಾರಿಯಲ್ಲಿ ಇಂಥ ಬಸ್ಸು ಏದುಸಿರು ಬಿಡುವುದು ಸಹಜ. ಏರು ಬಂದಾಗ ಗಂಡಸರೆಲ್ಲ ಇಳಿದು ನಡೆಯುವುದು, ಬೇಕಾದರೆ ತಳ್ಳುವುದು, ಮೇಲೆ ಹೋಗಿ ಮತ್ತೆ ಹತ್ತುವುದು ಆ ಕಾಲದ ಪ್ರಯಾಣದ ಮಾಮೂಲು. ಅಪಾಯವೂ ಇತ್ತು. ಬಣ್ಣ, ವಾಸನೆ ಎರಡೂ ಇಲ್ಲದ ಆ ಅನಿಲ ಮುಚ್ಚಿದ ಷೆಡ್ಡಿನಲ್ಲಿ ಸೋರಿದರೆ ಜೀವ ತೆಗೆಯುತ್ತದೆ. ಹೀಗಿದ್ದೂ ಇದು ಹಿಂದುಳಿದ ನಾಡೊಂದರ ಪರದಾಟವಷ್ಟೇ ಆಗಿರಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಜರ್ಮನಿಯೊಂದರಲ್ಲೇ ಸುಮಾರು 5 ಲಕ್ಷ ವಾಹನಗಳು ಸೌದೆ, ಇದ್ದಿಲಿನ ಅನಿಲದಿಂದ ಓಡುತ್ತಿದ್ದವು.

ಯುದ್ಧ ಮುಗಿಯಿತು, ಪೆಟ್ರೋಲ್ ಬಂತು, ಉರುಳೆಗಳು ಗುಜರಿಗೆ ಹೋದವು. 1948ರ ಸೆಪ್ಟೆಂಬರಿನಲ್ಲಿ ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಹೊರಟಿತು; ಇಂದಿನ ಕೆಎಸ್‌ಆರ್‌ಟಿಸಿಯ ಮೂಲ ಅದು. ಅದೇ ವರ್ಷ ದೇಶದ ಶಾಸನಸಭೆ ಪವರ್ ಆಲ್ಕೋಹಾಲ್ ಕಾಯಿದೆಯನ್ನೂ ಮಾಡಿತು. ಪೆಟ್ರೋಲಿಗೆ ಮದ್ಯಸಾರ ಬೆರೆಸುವಂತೆ ಆದೇಶಿಸುವ ಅಧಿಕಾರ ಕೇಂದ್ರಕ್ಕೆ ಬಂತು. ಆದರೆ ಐವತ್ತರ ದಶಕದಲ್ಲಿ ಮುಂಬೈ, ವಿಶಾಖಪಟ್ಟಣಗಳಲ್ಲಿ ತೈಲ ಶುದ್ಧೀಕರಣ ಘಟಕಗಳು ಎದ್ದವು, ಪೆಟ್ರೋಲ್ ಸಲೀಸಾಯಿತು. ಮದ್ಯಸಾರಕ್ಕೆ ರಾಸಾಯನಿಕ ಕಾರ್ಖಾನೆಗಳು ಗಿರಾಕಿಗಳಾದವು. ಎಲ್ಲಕ್ಕಿಂತ ದೊಡ್ಡ ಗಿರಾಕಿ ಹೆಂಡದಂಗಡಿ. ಬಸ್ಸಿನ ಟ್ಯಾಂಕಿಗೆ ಹೋದ ಮದ್ಯಸಾರದಿಂದ ಸರ್ಕಾರಕ್ಕೆ ಬರುವುದು ಅಷ್ಟಕ್ಕಷ್ಟೇ. ಗ್ಲಾಸಿಗೆ ಹೋದದ್ದರಿಂದ ಅಬಕಾರಿ ಆದಾಯ. ಮಂಡ್ಯ ಸೀಮೆಯ ಕಾಕಂಬಿ ಯಾವ ದಾರಿ ಹಿಡಿಯಿತೆಂದು ಬಿಡಿಸಿ ಹೇಳಬೇಕಿಲ್ಲ. ಎಷ್ಟೋ ಮನೆಗಳನ್ನು ಮುಳುಗಿಸಿದ ದಾರಿ ಅದು.

ಐವತ್ತರ ದಶಕದ ಕೊನೆಯಲ್ಲಿ ಪಾಂಡವಪುರಕ್ಕೂ ತನ್ನದೇ ಸಹಕಾರಿ ಸಕ್ಕರೆ ಕಾರ್ಖಾನೆ ಬಂತು. ಪಿಎಸ್‌ಎಸ್‌ಕೆ ಎಂಬುದು ಇಲ್ಲಿನವರಿಗೆ ಮನೆಮಾತು. ಷೇರುದಾರರಾದ ರೈತರು ಅದನ್ನು ತಮ್ಮದೆಂದೇ ನಂಬಿದರು. ತೂಕ, ಕಟಾವಿನ ಸರದಿ, ಬಾಕಿ ಹಣ, ಈ ಮೂರರ ಸುತ್ತ ರೈತ ಸಂಘದ ಎಷ್ಟು ಹೋರಾಟಗಳು ನಡೆದವೋ ಲೆಕ್ಕವಿಲ್ಲ. ಕ್ಯಾತನಹಳ್ಳಿಯ ಕೆ.ಎಸ್. ಪುಟ್ಟಣ್ಣಯ್ಯನವರು ನಾಯಕರಾಗಿ ಬೆಳೆದದ್ದು ಇಂಥ ಹೋರಾಟಗಳ ನಡುವೆ. ಕಾರ್ಖಾನೆ ಸೊರಗಿ, ನಿಂತು, ಕೊನೆಗೆ 2020ರಲ್ಲಿ 40 ವರ್ಷದ ಗುತ್ತಿಗೆಗೆ ಖಾಸಗಿಯವರ ಕೈಸೇರಿತು. ಮೈಷುಗರ್ ಕೂಡ ಕೆಲವು ವರ್ಷ ಬಾಗಿಲು ಹಾಕಿ 2022ರಲ್ಲಿ ಮತ್ತೆ ಗಾಣ ತಿರುಗಿಸಿತು.

ನಾಲೆಯ ನೀರು ಕಾಣದ ಕಡೆ ಇನ್ನೊಂದು ಕಥೆ ನಡೆಯುತ್ತಿತ್ತು. ನಾಗಮಂಗಲದ ಕಡೆಗೆ ಹೊರಟರೆ ಕಬ್ಬಿನ ಹಸಿರು ತೆಳುವಾಗಿ ರಾಗಿ, ಹುರುಳಿ, ತೆಂಗು ಶುರುವಾಗುತ್ತವೆ. ಬೇಲಿ, ಬದು, ಹಳ್ಳದ ದಂಡೆಯಲ್ಲಿ ಹೊಂಗೆ. ದನ ಬಾಯಿ ಹಾಕದ, ಬರಕ್ಕೆ ಬಗ್ಗದ ಮರ. ಸೀಮೆಎಣ್ಣೆ ಬರುವ ಮೊದಲು ಹಣತೆಗೆ ಹೊಂಗೆ ಎಣ್ಣೆಯೇ. ಸೊಪ್ಪು ಗದ್ದೆಗೆ, ಹಿಂಡಿ ಬೆಳೆಯ ಬುಡಕ್ಕೆ. ಭಾರತೀಯ ವಿಜ್ಞಾನ ಸಂಸ್ಥೆಯ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು ತೊಂಬತ್ತರ ದಶಕದಲ್ಲಿ ಈ ಎಣ್ಣೆಯನ್ನು ಡೀಸೆಲ್ ಎಂಜಿನ್ನಿಗೆ ಹಾಕಿ ನೋಡಿದರು. ಕಗ್ಗನಹಳ್ಳಿ ಎಂಬ ಒಣಭೂಮಿಯ ಊರಿನಲ್ಲಿ ಹೊಂಗೆ ಎಣ್ಣೆಯ ಜನರೇಟರ್ ನೆಲದಡಿಯ ನೀರೆತ್ತಿತು, ಬರಡು ಹೊಲದಲ್ಲಿ ಬೆಳೆ ಕಂಡಿತು. ಹೊಸದೇನೂ ಅಲ್ಲ: 1900ರ ಪ್ಯಾರಿಸ್ ಪ್ರದರ್ಶನದಲ್ಲಿ ರುಡಾಲ್ಫ್ ಡೀಸೆಲ್ ಕಂಡುಹಿಡಿದ ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತ್ತು. ಅತ್ತ ನಾಗಮಂಗಲಕ್ಕೆ ಅಂಟಿಕೊಂಡ ಕುಣಿಗಲ್ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಅದೇ ಸಂಸ್ಥೆ 1988ರಲ್ಲಿ ಸೌದೆಯಿಂದ ಅನಿಲ ತೆಗೆದು ಎಂಜಿನ್ ಓಡಿಸಿ ಊರಿಗೆ ದೀಪ, ನೀರು ಕೊಟ್ಟಿತು. ಯುದ್ಧಕಾಲದ ಇದ್ದಿಲು ಬಸ್ಸಿನ ವಿದ್ಯೆಯೇ ಅದು, ಹೆಚ್ಚು ಶಿಸ್ತಾಗಿ.

2009ರಲ್ಲಿ ರಾಜ್ಯ ಜೈವಿಕ ಇಂಧನ ನೀತಿ ತಂದಿತು. ಹಾಸನದ ಬಳಿಯ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಉದ್ಯಾನ ಬೆಳೆಯಿತು. ‘ಬರಡು ಬಂಗಾರ’, ‘ಹಸಿರು ಹೊನ್ನು’ ಎಂಬ ಹೆಸರಿನಲ್ಲಿ ಸಸಿ ಹಂಚಿದರು. ಕೆಎಸ್‌ಆರ್‌ಟಿಸಿ ತನ್ನ ಡೀಸೆಲ್‌ಗೆ ಶೇ 7.7ರಷ್ಟು ಎಥೆನಾಲ್, ಅಂದರೆ ಅದೇ ಮದ್ಯಸಾರ, ಬೆರೆಸಿ ಬಸ್ಸು ಓಡಿಸಿತು. ಆದರೂ ಹೊಂಗೆ ಗೆಲ್ಲಲಿಲ್ಲ. ಕಬ್ಬು ಒಂದೆಡೆ ಬೆಳೆದು ಒಂದೇ ದಿನ ಲಾರಿ ಹತ್ತುತ್ತದೆ. ಹೊಂಗೆ ಬೀಜ ಬದುವಿನಿಂದ ಬದುವಿಗೆ ಚೆಲ್ಲಿರುತ್ತದೆ. ಅದನ್ನು ಆಯುವವರು ಹೆಚ್ಚಾಗಿ ಬಡ ಹೆಣ್ಣುಮಕ್ಕಳು. ಬಿಸಿಲಲ್ಲಿ ಆಯ್ದು, ಬಡಿದು, ಸುಲಿದು ತಂದರೆ ಸಿಗುವ ದುಡ್ಡು ದಿನಗೂಲಿಗೆ ಸಮವಾಗಬೇಕಲ್ಲ? ಆ ಕೂಲಿಗೆ ಬೆಂಬಲ ಬೆಲೆ ಕೊಟ್ಟು ಹತ್ತು ವರ್ಷ ಕಾದಿದ್ದರೆ ನಾಗಮಂಗಲದಂಥ ತಾಲ್ಲೂಕಿಗೂ ಇಂಧನದ ನಕ್ಷೆಯಲ್ಲಿ ಜಾಗ ಸಿಗುತ್ತಿತ್ತು. ಸರ್ಕಾರಗಳ ತಾಳ್ಮೆಯೆಲ್ಲ ನೀರಿರುವ ನೆಲಕ್ಕೇ ಮೀಸಲಾಯಿತು.

ಮತ್ತೆ ಮದ್ಯಸಾರದ ಕಥೆಗೆ ಬಂದರೆ, ಬ್ರೆಜಿಲ್ 1973ರ ತೈಲ ಬಿಕ್ಕಟ್ಟಿಗೆ ಹೆದರಿ 1975ರಲ್ಲಿ ದೊಡ್ಡ ಯೋಜನೆ ಕೈಗೆತ್ತಿಕೊಂಡು ಬಿಡದೆ ಹಿಡಿಯಿತು. ಭಾರತ ತನ್ನ 1948ರ ಕಾಯಿದೆಯನ್ನು 2000ದಲ್ಲಿ ರದ್ದು ಮಾಡಿತು. ಮರುವರ್ಷವೇ ಎಥೆನಾಲ್ ಬೆರೆಸುವ ಪ್ರಾಯೋಗಿಕ ಯೋಜನೆ ಶುರು. 2003ರಲ್ಲಿ ಕೆಲವು ರಾಜ್ಯಗಳಲ್ಲಿ ಶೇ 5. 2022ರ ಜೂನ್‌ಗೆ ದೇಶದಲ್ಲಿ ಶೇ 10. 2023ರ ಫೆಬ್ರುವರಿ 6ರಂದು ಶೇ 20 ಬೆರೆತ ಇ20 ಪೆಟ್ರೋಲ್ ಬಿಡುಗಡೆಯಾದದ್ದು ಬೆಂಗಳೂರಿನಲ್ಲೇ. ಅಲ್ಲಿಂದ ಮಂಡ್ಯ ನೂರು ಕಿಲೋಮೀಟರು.

ಇ20 ಬಂದ ಮೇಲೆ ಬೈಕು, ಕಾರು ಇಟ್ಟವರ ದೂರು ಮೈಲೇಜಿನದು. ದೂರಿನಲ್ಲಿ ಹುರುಳಿದೆ. ಒಂದು ಲೀಟರ್ ಎಥೆನಾಲಿನಲ್ಲಿ ಪೆಟ್ರೋಲಿನ ಮೂರನೇ ಎರಡು ಪಾಲು ಶಕ್ತಿ ಮಾತ್ರ ಇರುತ್ತದೆ. ಹಳೆಯ ಕಾರುಗಳಲ್ಲಿ ಶೇ 6–7, ದ್ವಿಚಕ್ರ ವಾಹನಗಳಲ್ಲಿ ಶೇ 3–4ರಷ್ಟು ಮೈಲೇಜು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಎಥೆನಾಲಿಗೆ ಆಕ್ಟೇನ್ ಹೆಚ್ಚು. ಅದಕ್ಕೆ ತಕ್ಕಂತೆ ಹೆಚ್ಚು ಒತ್ತಡದ ಎಂಜಿನ್ ಮಾಡಿದರೆ ಕಳೆದ ಮೈಲೇಜಿನ ಒಂದು ಪಾಲು ಮರಳಿ ಬರುತ್ತದೆ. ಆದರೆ ಹಳೆಯ ಬೈಕಿನ ಮೇಲೆ ಹಾಲಿನ ಕ್ಯಾನು ಹೇರಿಕೊಂಡು ಡೇರಿಗೆ ಹೋಗುವವನಿಗೆ ಆ ಎಂಜಿನ್ ಯಾವಾಗ ಸಿಗಬೇಕು?

ಅದೇ ವರದಿಯಲ್ಲಿ ಇನ್ನೊಂದು ಅಂಕಿ ಇದೆ, ಈ ಸೀಮೆಯವರು ಹೆಚ್ಚು ಗಮನಿಸಬೇಕಾದ್ದು. ಕಬ್ಬಿನ ಮೂಲದ ಒಂದು ಲೀಟರ್ ಎಥೆನಾಲಿಗೆ ಸುಮಾರು 2,860 ಲೀಟರ್ ನೀರು ಬೇಕು. 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ಬರಿದಾಗತೊಡಗಿ, ಕಾವೇರಿಗಾಗಿ ಮಂಡ್ಯದ ಜನ ಬೀದಿಗಿಳಿದರು. ಅದೇ ವರ್ಷದ ಡಿಸೆಂಬರಿನಲ್ಲಿ ಸಕ್ಕರೆ ಕೊರತೆಯಾದೀತೆಂದು ಕೇಂದ್ರ ಕಬ್ಬಿನ ಹಾಲಿನಿಂದ ನೇರ ಎಥೆನಾಲ್ ಮಾಡುವುದನ್ನೇ ತಡೆಯಿತು. ಮರುವರ್ಷ ಆಗಸ್ಟಿನಲ್ಲಿ ತಡೆ ತೆರವಾಯಿತು. ಅಷ್ಟರಲ್ಲಿ ಎಥೆನಾಲಿನ ದೊಡ್ಡ ಪಾಲು ಮೆಕ್ಕೆಜೋಳ, ಅಕ್ಕಿಯಿಂದ ಬರತೊಡಗಿತ್ತು. ಕಾಕಂಬಿಯಿಂದ ಮಾಡಿದ ಲೀಟರ್ ಎಥೆನಾಲಿಗೆ ಹತ್ತು ಹದಿನೈದು ಲೀಟರ್ ಕಪ್ಪು ತ್ಯಾಜ್ಯ ನೀರೂ ಹುಟ್ಟುತ್ತದೆ. ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿಯಲ್ಲಿ ಎಥೆನಾಲ್ ಘಟಕ ಬೇಡವೆಂದು ರೈತರು ಹೋರಾಟಕ್ಕಿಳಿದಾಗ ಅವರ ಕಣ್ಣ ಮುಂದಿದ್ದುದು ನದಿ, ಬಾವಿ ಮತ್ತು ಗದ್ದೆ. ಆ ಆತಂಕವನ್ನು ಅಭಿವೃದ್ಧಿಯ ವಿರೋಧವೆಂದು ತಳ್ಳಿಹಾಕುವುದು ಅನ್ಯಾಯ.

ಉಳಿದದ್ದು ಹಣದ ಮಾತು. ಕಬ್ಬಿನ ಬೆಲೆ ಇಂದಿಗೂ ನಿಗದಿಯಾಗುವುದು ಅದರಲ್ಲಿ ಎಷ್ಟು ಸಕ್ಕರೆ ಬಂತು ಎಂಬ ಇಳುವರಿಯ ಮೇಲೆ. ಕಾಕಂಬಿ, ಅದರಿಂದ ಬರುವ ಎಥೆನಾಲ್, ಕಬ್ಬಿನ ಸಿಪ್ಪೆ ಉರಿಸಿ ಮಾಡುವ ವಿದ್ಯುತ್ತು, ಇವು ಕಾರ್ಖಾನೆಯ ಲೆಕ್ಕಕ್ಕೆ. 2022ರ ಡಿಸೆಂಬರಿನಲ್ಲಿ ರಾಜ್ಯ ಸರ್ಕಾರ, ಎಥೆನಾಲ್ ತಯಾರಿಸುವ ಕಾರ್ಖಾನೆಗಳು ರೈತರಿಗೆ ಟನ್ನಿಗೆ 50 ರೂಪಾಯಿ ಹೆಚ್ಚು ಕೊಡಬೇಕೆಂದು ಆದೇಶಿಸಿತು. ಪೂರ್ತಿ ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯ ಎಥೆನಾಲಿಗೆ 2025ರ ಜನವರಿಯಲ್ಲಿ ಕೇಂದ್ರ ನಿಗದಿ ಮಾಡಿದ ದರ ಲೀಟರಿಗೆ 57.97 ರೂಪಾಯಿ. ಟನ್ ಕಬ್ಬಿನ ಕಾಕಂಬಿಯಿಂದ ಸುಮಾರು ಹತ್ತು ಲೀಟರ್ ಎಥೆನಾಲ್ ಬರುತ್ತದೆ. ಅಂದರೆ ಟನ್ನಿಗೆ 580 ರೂಪಾಯಿಯ ಮಾರಾಟ. ಬಟ್ಟಿಯ ಖರ್ಚು, ಸಾಲದ ಬಡ್ಡಿ, ತ್ಯಾಜ್ಯದ ನಿರ್ವಹಣೆ ಎಲ್ಲ ಅದರಲ್ಲೇ ಕಳೆಯಬೇಕು, ನಿಜ. ಕಳೆದು ಉಳಿದದ್ದರಲ್ಲಿ ಕಬ್ಬು ಬೆಳೆದವರ ಪಾಲೆಷ್ಟು ಎಂಬ ಲೆಕ್ಕವನ್ನು ಕಾರ್ಖಾನೆಗಳು ಬಿಚ್ಚಿಡಬೇಕೆಂದು ರೈತ ಸಂಘಟನೆಗಳು ಕೇಳುತ್ತಲೇ ಇವೆ.